ಎಕ್ಕದ ಬಳಗ: ಹಾಲು ನಂಬಬೇಡಿ, ಹೂವು ನೋಡಿ

ಎಲೆ ಕಿತ್ತಾಗ ಹಾಲು ಒಸರಿತು ಎಂದ ಮಾತ್ರಕ್ಕೆ ಗಿಡ ಎಕ್ಕದ ಬಳಗಕ್ಕೆ ಸೇರಿಬಿಡುವುದಿಲ್ಲ. ಕಳ್ಳಿಯಲ್ಲೂ ಹಾಲಿದೆ, ಆಲದಲ್ಲೂ ಇದೆ. ಆದ್ದರಿಂದ ನಾನು ಗಿಡ ಹೂ ಬಿಡುವವರೆಗೆ ಕಾಯುತ್ತೇನೆ.

ಅರಳಿದ ಹೂವಿನ ಐದು ಎಸಳುಗಳ ನಡುವೆ ಕಿರೀಟದಂಥ ಭಾಗವೊಂದು ಎದ್ದು ನಿಂತಿರುತ್ತದೆ. ಅದರ ನಡುವಿನ ಕಂಬದ ತಲೆ ಚಪ್ಪಟೆ, ಅದಕ್ಕೆ ಐದು ಮೂಲೆ. ಭೂತಗನ್ನಡಿ ಹಿಡಿದರೆ ಮೂಲೆಗೊಂದರಂತೆ ಕಪ್ಪು ಚುಕ್ಕೆ ಕಾಣುತ್ತದೆ. ಚುಕ್ಕೆಯ ಕೆಳಗಿನ ಸೀಳಿಗೆ ಸೂಜಿಯ ಮೊನೆ ತೂರಿಸಿ ಮೆಲ್ಲಗೆ ಮೇಲಕ್ಕೆತ್ತುತ್ತೇನೆ. ಚುಕ್ಕೆ ಕಿತ್ತು ಬರುತ್ತದೆ, ಜೊತೆಗೆ ತಕ್ಕಡಿಯ ತಟ್ಟೆಗಳಂತೆ ಎರಡು ಹಳದಿ ಚೀಲಗಳು ಜೋತಾಡುತ್ತವೆ. ಪರಾಗವೆಲ್ಲ ಆ ಚೀಲಗಳೊಳಗೇ ಗಟ್ಟಿಯಾಗಿ ಕೂತಿರುತ್ತದೆ, ಪುಡಿಯಾಗಿ ಉದುರುವುದಿಲ್ಲ. ಕೀಟದ ಕಾಲಿಗೆ ಸಿಕ್ಕಿ ಹೂವಿನಿಂದ ಹೂವಿಗೆ ಸಾಗುವುದೂ ಈ ಜೋಡಿಯೇ. ಕಳ್ಳಿಯಲ್ಲಿ ಎಷ್ಟು ಹುಡುಕಿದರೂ ಇದು ಸಿಗದು. (ಈ ಕೆಲಸ ಮಾಡಿದ ಕೈಯನ್ನು ತೊಳೆಯದೆ ಕಣ್ಣಿಗೆ ಮುಟ್ಟಿಸಬಾರದು. ಎಕ್ಕದ ಹಾಲು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಊದಿಸಿ ದೃಷ್ಟಿ ಮಸುಕಾಗಿಸುತ್ತದೆ.)

ಇನ್ನು ಎಕ್ಕದಲ್ಲೇ ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಪ್ರಭೇದಗಳಿವೆ. ಬಹಳ ಜನ ಬಿಳಿ, ನೇರಳೆ ಎಂದು ಬಣ್ಣದ ಮೇಲೆ ವಿಂಗಡಿಸುತ್ತಾರೆ. ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ಕ್ಯಾಲೊಟ್ರೋಪಿಸ್ ಜೈಗ್ಯಾಂಟಿಯಾ ಎಂಬ ಒಂದೇ ಪ್ರಭೇದ ಎರಡೂ ಬಣ್ಣದಲ್ಲಿ ಅರಳುತ್ತದೆ. ನಾನು ಮೊಗ್ಗನ್ನು ನೋಡುತ್ತೇನೆ. ಜೈಗ್ಯಾಂಟಿಯಾದ ಮೊಗ್ಗು ತುಸು ಉದ್ದ, ಅರಳಿದ ಎಸಳು ಅಗಲವಾಗಿ ಹರಡಿ ಹಿಂದಕ್ಕೆ ಬಾಗುತ್ತದೆ. ಕ್ಯಾಲೊಟ್ರೋಪಿಸ್ ಪ್ರೊಸೆರಾದ ಮೊಗ್ಗು ಗುಂಡಗೆ, ಹೂವು ಚಿಕ್ಕದು, ಎಸಳು ನೆಟ್ಟಗೆ ನಿಂತಿರುತ್ತದೆ ಮತ್ತು ತುದಿಯಲ್ಲಷ್ಟೇ ಕಡು ನೇರಳೆ. ಕಾಯಿ ಬಿಟ್ಟಿದ್ದರೆ ಇನ್ನೂ ಸಲೀಸು: ಪ್ರೊಸೆರಾದ್ದು ದುಂಡಗೆ ಉಬ್ಬಿಕೊಂಡಿರುತ್ತದೆ.

ಇದೇ ಬಳಗದ, ಉಷ್ಣವಲಯದ ಅಮೆರಿಕದಿಂದ ಬಂದ ಅಸ್ಕ್ಲೇಪಿಯಾಸ್ ಕುರಾಸಾವಿಕಾ ಎಂಬ ಗಿಡಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಿರಿದಾದ ಎಲೆ, ಕೆಂಪು ಎಸಳು, ನಡುವೆ ಹಳದಿ ಕಿರೀಟ, ಸಪೂರ ಕಾಯಿ. ಬಳಗದ ಇನ್ನೊಂದು ಸದಸ್ಯ ಪೆರ್ಗುಲೇರಿಯಾ ಡೇಮಿಯಾ ಬಳ್ಳಿಯಾದರೆ ಎಲೆ ಹೃದಯಾಕಾರ, ಕಾಯಿಯ ಮೈತುಂಬ ಮೆತ್ತನೆಯ ಮುಳ್ಳು. ನಾಲ್ಕರಲ್ಲೂ ಕಾಯಿ ಒಡೆದಾಗ ರೇಷ್ಮೆ ಕುಚ್ಚಿನ ಬೀಜಗಳು ಹಾರುತ್ತವೆ. ಅದರಿಂದ ಬಳಗ ತಿಳಿದೀತು, ಪ್ರಭೇದ ತಿಳಿಯದು. ಬರೀ ಎಲೆಯಿರುವ ಎಕ್ಕದ ಗಿಡ ಎದುರಾದರೆ ಟಿಪ್ಪಣಿಯಲ್ಲಿ ‘ಎಕ್ಕ’ ಎಂದಷ್ಟೇ ಬರೆದು ಪ್ರಭೇದದ ಜಾಗವನ್ನು ಖಾಲಿ ಬಿಡುತ್ತೇನೆ.