ಮಳೆ ಬಿದ್ದ ಮೇಲಿನ ಕೆರೆಯಂಗಳ, ಬಟ್ಟಲಿನ ಮೈಮೇಲೆ

ಬಿರಿದ ಕೆರೆಯಂಗಳವನ್ನು ಬಟ್ಟಲಿನ ಮೈಗೆ ತರುವುದು ಸುಲಭ. ಅದೇ ಬಟ್ಟಲಲ್ಲಿ ಸಾರು ಕುಡಿಯುವಂತೆ ಮಾಡುವುದೇ ಕಷ್ಟ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ನನ್ನ ಮಾದರಿ ಆ ಬಿರುಕಲ್ಲ, ಆಮೇಲೆ ಮಳೆ ಬಿದ್ದಾಗಿನ ಎರೆನೆಲ. ಆಗ ಹೆಂಟೆಯ ಅಂಚು ದುಂಡಗಾಗುತ್ತದೆ, ತೇವವೂ ಬೀಜವೂ ನಿಲ್ಲುವ ಬಿರುಕಿನಲ್ಲೇ ಮೊದಲ ಹುಲ್ಲು ಏಳುತ್ತದೆ.

ಬರೀ ಎರೆಮಣ್ಣಲ್ಲಿ ಬಟ್ಟಲು ಆಗದು. ವಿಪರೀತ ಕುಗ್ಗುತ್ತದೆ, ಒಳಗಿನ ಸುಣ್ಣದ ಹರಳು ಸುಟ್ಟ ಮೇಲೆ ತೇವ ಹೀರಿ ಉಬ್ಬಿ ಚಕ್ಕೆ ಎಬ್ಬಿಸುತ್ತದೆ. ಅದಕ್ಕೇ ಅದನ್ನು 80 ಮೆಶ್ (ಇಂಚಿಗೆ 80 ಕಣ್ಣಿನ) ಜರಡಿ ಹಿಡಿದು, ಸ್ಟೋನ್‌ವೇರ್ ಎಂಬ, ಹೆಚ್ಚು ಕಾವಿಗೆ ಸುಡುವ ಗಟ್ಟಿ ಮಣ್ಣಿನ ರಾಡಿಗೆ ಐದರಲ್ಲೊಂದು ಪಾಲು ಬೆರೆಸಿ ಹೊರಮೈಗೆ ಬಳಿಯುತ್ತೇನೆ. ಸುಟ್ಟರೆ ಕಪ್ಪು ಉಳಿಯುವುದಿಲ್ಲ, ಕಂದಾಗುತ್ತದೆ.

900 ಗ್ರಾಂ ಸ್ಟೋನ್‌ವೇರ್ ಮಣ್ಣನ್ನು ತಿಗರಿಯ ಮೇಲೆ 12 ಸೆಂ.ಮೀ. ಎತ್ತರದ ಕೊಳವೆಯಾಗಿ ಎತ್ತಬೇಕು, ಗೋಡೆ 9 ಮಿ.ಮೀ. ರಾಡಿ ಬಳಿದು, ಅದರ ಮಿನುಗು ಹೋದ ಮೇಲೆ ಒಣಗಿದರೆ ಗಾಜಿನಂತೆ ಗಟ್ಟಿಯಾಗುವ ಸೋಡಿಯಂ ಸಿಲಿಕೇಟ್ ದ್ರವ ಒಂದು ಕೋಟ್. ಬಾಯಿಯಿಂದ 2 ಸೆಂ.ಮೀ. ಬಿಟ್ಟುಬಿಡಿ, ತುಟಿಗೆ ತಾಗುವ ಜಾಗ ಅದು. ತಿಗರಿ ನಿಧಾನ ತಿರುಗುತ್ತಿರಲಿ, ಹೀಟ್ ಗನ್ ಹಿಡಿದು ಬೆರಳಿಗೆ ಅಂಟದಷ್ಟು ಒಣಗಿಸಿ. ಆಮೇಲೆ ಒಳಗಿನಿಂದ ಮಾತ್ರ ಒತ್ತಿ ಹಿಗ್ಗಿಸಿ, ಹೊರಗೆ ಕೈಯೂ ಬೇಡ, ನೀರೂ ಬೇಡ. ಕಡಿಮೆ ಒಣಗಿದ್ದರೆ ಮೈ ಬಿರಿಯದೆ ಜಾರುತ್ತದೆ, ಹೆಚ್ಚಾದರೆ ಹೆಪ್ಪಳಿಕೆಯಾಗಿ ಏಳುತ್ತದೆ. ಬರೀ ಅಗಲಕ್ಕೆ ಹಿಗ್ಗಿಸಿದರೆ ಉದ್ದುದ್ದ ಗೀರು ಅಷ್ಟೇ. ಎತ್ತರ ಕುಸಿಯಲು ಬಿಡದೆ ಹೊಟ್ಟೆ ಉಬ್ಬಿಸಿದರೆ ಬಲೆಯಂತೆ ಬಿರಿಯುತ್ತದೆ. ಗೋಡೆ 5 ಮಿ.ಮೀ.ಗಿಂತ ತೆಳುವಾದರೆ ಬಿರುಕು ಒಳಗೂ ದಾಟೀತು.

ಒಣಗಿದ ಸಿಲಿಕೇಟ್ ಅಂಚು ಗಾಜಿನಂತೆ ಕೊಯ್ಯುತ್ತದೆ. ಮಣ್ಣು ಅರೆಬರೆ ಒಣಗಿ ಚರ್ಮದ ಹದಕ್ಕೆ ಬಂದಾಗ ಕೈಗವಸು ಹಾಕಿ ಒದ್ದೆ ಸ್ಪಂಜಿನಿಂದ ಎರಡು ಸಲ ಒರೆಸುತ್ತೇನೆ. ಮಳೆ ಮಾಡುವ ಕೆಲಸವೂ ಅದೇ, ಬಟ್ಟಲೂ ಕೈಗೆ ಹಿತವಾಗುತ್ತದೆ. ಸಿಲಿಕೇಟ್ ಹತ್ತಿದ ಮಣ್ಣಿನ ಚೂರುಪಾರು, ಮತ್ತೆ ಬಳಸಲು ಕೂಡಿಟ್ಟ ಹಳೆಮಣ್ಣಿನ ಬಕೆಟ್ಟಿಗೆ ಬಿದ್ದರೆ ಇಡೀ ಬಕೆಟ್ಟಿನ ಮಣ್ಣು ಹದಗೆಡುತ್ತದೆ.

ಸುಮಾರು 1000 ಡಿಗ್ರಿಗೆ ಬಿಸ್ಕ್ (ಮೊದಲ ಸಲ) ಸುಟ್ಟ ಮೇಲೆ, ಪಾರದರ್ಶಕ ಗ್ಲೇಜಿಗೆ (ಸುಟ್ಟಾಗ ಗಾಜಾಗುವ ಲೇಪಕ್ಕೆ) ಶೇ. 3 ಕಾಪರ್ ಕಾರ್ಬೊನೇಟ್ ಬೆರೆಸಿ ಹೊರಗೆ ಸವರಿ ಒರೆಸಿದರೆ ಹಸಿರು ಬಿರುಕಿನಲ್ಲಷ್ಟೇ ಉಳಿಯುತ್ತದೆ. ಒಳಗೆ ತಾಮ್ರ ಸಲ್ಲದು, ಹುಣಸೆಹುಳಿಗೆ ಬಿಟ್ಟುಕೊಂಡೀತು. ಒಳಗೆ ಬಣ್ಣವಿಲ್ಲದ ಗ್ಲೇಜನ್ನು ತೆಳುವಾಗಿ ಹಾಕಿ. ದಪ್ಪವಾದರೆ, ಬಿರುಕು ಬಿಟ್ಟು ಹೊರಗೆ ಗ್ಲೇಜಿಲ್ಲದ ಬಟ್ಟಲು ಸೆಳೆತಕ್ಕೆ ಸೀಳಬಹುದು. ಕೋನ್ 6ಕ್ಕೆ (ಸುಮಾರು 1220 ಡಿಗ್ರಿಯ ಕಾವಿಗೆ) ಸುಟ್ಟು, ನೀರು ತುಂಬಿಸಿ 24 ಗಂಟೆ ಪೇಪರಿನ ಮೇಲಿಡಿ. ಪೇಪರು ಒದ್ದೆಯಾದರೆ ಅದು ಪೆನ್ನು ಇಡುವ ಬಟ್ಟಲು.