ಕುತ್ತಿಗೆ ನೋಡಿಕೊಳ್ಳಿ, ಉಪ್ಪಿನ ಮರಿಗೆಯನ್ನೂ ನೋಡಿ

“ಸಮುದ್ರ ಇಲ್ಲೇ ಕುಂಬಳೆಯಲ್ಲಿ ಉಂಟು, ನಮಗೆಂತ ಅಯೋಡಿನ್ ಕೊರತೆ?” ಪೆರ್ಲದ ನಮ್ಮ ದೊಡ್ಡಮ್ಮ ಕೇಳಿದ್ದು ಹೀಗೆ. ಕಾಸರಗೋಡಿನಲ್ಲಿ ಹೀಗೆ ಅಂದುಕೊಂಡವರು ಜಾಸ್ತಿ. ಆದರೆ ಸಮುದ್ರದ ನೀರು ಒಣಗಿಸಿ ಮಾಡಿದ ಕಲ್ಲುಪ್ಪಿನಲ್ಲಿ ಅಯೋಡಿನ್ ಉಳಿಯುವುದು ತೀರಾ ಕಡಿಮೆ. ಮಣ್ಣಿನಲ್ಲಿರುವುದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ನಮ್ಮಲ್ಲಿ ಮಳೆಗೇನು ಬರವೇ?

ಗಂಟಲಮಣಿಯ ಕೆಳಗೆ ಚಿಟ್ಟೆಯ ಹಾಗೆ ಕೂತಿರುವ ಗ್ರಂಥಿಯೇ ಥೈರಾಯ್ಡ್. ಹಾರ್ಮೋನ್ ಮಾಡಲು ಅದಕ್ಕೆ ಅಯೋಡಿನ್ ಬೇಕು. ಸಿಗದಿದ್ದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನ್ ಕಳಿಸಿ ಅದನ್ನು ದುಡಿಸುತ್ತಲೇ ಇರುತ್ತದೆ. ದುಡಿದು ದುಡಿದು ಥೈರಾಯ್ಡ್ ಊದಿಕೊಳ್ಳುತ್ತದೆ. ಇದೇ ಗಳಗಂಡ.

ಮೊದಲು ಕನ್ನಡಿ ಮುಂದೆ ನಿಲ್ಲಿ. ಬೆಳಕು ಕುತ್ತಿಗೆಯ ಮೇಲೆ ಬೀಳಲಿ. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಒಂದು ಗುಟುಕು ನೀರು ನುಂಗಿ. ನುಂಗುವಾಗ ಗಂಟಲಮಣಿಯ ಕೆಳಗೆ ಉಬ್ಬೊಂದು ಮೇಲೆ ಹೋಗಿ ಇಳಿದರೆ ಅದು ಥೈರಾಯ್ಡ್ ಇರಬಹುದು. ಗಂಟಲಮಣಿಯನ್ನೇ ಗಂಟು ಅಂದುಕೊಂಡು ಹೆದರಬೇಡಿ. ಡಾಕ್ಟರರು ಕೈಯಲ್ಲಿ ಮುಟ್ಟಿ ನೋಡುವಾಗ ಇಟ್ಟುಕೊಳ್ಳುವ ಅಳತೆ ಬಹಳ ಸರಳ: ಗ್ರಂಥಿಯ ಒಂದು ಬದಿ ಆ ರೋಗಿಯದೇ ಹೆಬ್ಬೆರಳಿನ ತುದಿಯ ಗೆಣ್ಣಿಗಿಂತ ದೊಡ್ಡದಿದ್ದರೆ ಗಳಗಂಡ.

ದೊಡ್ಡಮ್ಮನ ಕುತ್ತಿಗೆಯಲ್ಲಿ ಏನೂ ಕಾಣಲಿಲ್ಲ. ಕಂಡದ್ದು ಅಡುಗೆಮನೆಯಲ್ಲಿ.

ಒಲೆಯ ಪಕ್ಕದಲ್ಲೇ ಉಪ್ಪು ಹಾಕಿಡುವ ಪಾತ್ರೆ, ಅದೇ ಮರಿಗೆ, ಮುಚ್ಚಳ ಇಲ್ಲ. ಆಟಿ ತಿಂಗಳ ಮಳೆಯ ತೇವಕ್ಕೆ ಉಪ್ಪು ನೀರೊಡೆದು ಅಡಿಯಲ್ಲಿ ನಿಂತಿತ್ತು. ಆ ನೀರನ್ನು ಅವರು ದಿನಾ ಬೆಳಗ್ಗೆ ಚೆಲ್ಲುತ್ತಿದ್ದರು. ಉಪ್ಪಿಗೆ ಅಯೋಡಿನ್ ಸೇರಿಸಿದ್ದರೂ ಹೀಗೆ ಮಾಡಿದರೆ ನೀರಿನ ಜತೆ ಅದೂ ಹೋಯಿತು. ಕಲ್ಲುಪ್ಪನ್ನು ತೊಳೆದು ಬಳಸುವ ಮನೆಗಳಲ್ಲೂ ಇದೇ ಕತೆ.

ಹಾಗಾಗಿ ಎರಡನೆಯ ಕೆಲಸ ಪ್ಯಾಕೆಟ್ ನೋಡುವುದು. ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಪ್ಯಾಕೆಟ್ಟುಗಳಲ್ಲಿ ಬರಹ ಮಲಯಾಳ, ಇಲ್ಲವೇ ಇಂಗ್ಲಿಷ್. ಓದಲು ಬಾರದಿದ್ದರೆ ನಗುವ ಸೂರ್ಯನ ಗುರುತು ಹುಡುಕಿ, ಅದು ಅಯೋಡಿನ್ ಉಪ್ಪಿನ ಗುರುತು. ತಯಾರಾಗುವಾಗ ಕಿಲೋಗೆ 30 ಮಿಲಿಗ್ರಾಂ ಅಯೋಡಿನ್ ಇದ್ದರೆ, 5 ಗ್ರಾಂ ಉಪ್ಪಿನಲ್ಲಿ 150 ಮೈಕ್ರೋಗ್ರಾಂ ಸಿಗುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಅಷ್ಟೇ. ಗರ್ಭಿಣಿಯರಿಗೆ 250 ಬೇಕು, ಹೊಟ್ಟೆಯೊಳಗಿನ ಮಗುವಿನ ಮೆದುಳು ಬೆಳೆಯುವುದೂ ಇದರಿಂದಲೇ. ಅಯೋಡಿನ್ ಸಿಗಲಿ ಎಂದು ಉಪ್ಪು ಜಾಸ್ತಿ ಹಾಕಬೇಡಿ. ಬಿಪಿ ಇದ್ದವರು ಕಡಿಮೆಯೇ ತಿನ್ನಿ, ತಿನ್ನುವುದು ಅಯೋಡಿನ್ ಉಪ್ಪಾಗಿರಲಿ.

ಈಗ ಹಿಮಾಲಯದ ಹೆಸರಲ್ಲಿ ಮಾರುವ ಪಿಂಕ್ ಉಪ್ಪಿನ ಹುಚ್ಚು ಬೇರೆ. ತಮಾಷೆ ಅಂದರೆ ಗಳಗಂಡಕ್ಕೆ ಹೆಸರಾದದ್ದೇ ಹಿಮಾಲಯದ ತಪ್ಪಲು! ಅಲ್ಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜತೆಯವರು 1956ರಲ್ಲಿ ಶುರುಮಾಡಿದ ಪ್ರಯೋಗವೇ ಅಯೋಡಿನ್ ಉಪ್ಪಿನಿಂದ ಗಳಗಂಡ ಇಳಿಯುತ್ತದೆಂದು ನಮ್ಮ ದೇಶದಲ್ಲಿ ತೋರಿಸಿದ್ದು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು.

ಮನೆಗೆ ತಂದ ಉಪ್ಪನ್ನು ಮುಚ್ಚಳ ಬಿಗಿ ಇರುವ ಗಾಜಿನ ಭರಣಿಗೆ ಹಾಕಿ, ಒಲೆಯಿಂದ ದೂರ ಇಡಿ. ಒದ್ದೆ ಚಮಚ ಬೇಡ. ಸಾಂಬಾರಿಗೆ ಕೊನೆಯಲ್ಲಿ ಉಪ್ಪು ಹಾಕಿದರೆ ಇನ್ನೂ ಒಳ್ಳೆಯದು. ಹಾಲು, ಮೊಸರು, ಮೊಟ್ಟೆ, ಬಂಗುಡೆಯಲ್ಲೂ ಅಯೋಡಿನ್ ಇರುತ್ತದೆ. ಮರಗೆಣಸನ್ನು ಮಾತ್ರ ಚೆನ್ನಾಗಿ ಬೇಯಿಸಿ ನೀರು ಬಸಿಯಿರಿ. ಅದರಲ್ಲಿರುವ ವಿಷದ ಅಂಶ ಥೈರಾಯ್ಡಿಗೆ ಅಯೋಡಿನ್ ಸಿಗದಂತೆ ತಡೆಯುತ್ತದೆ.

ಉಬ್ಬು ಕಂಡವರು ಉಪ್ಪು ಬದಲಿಸಿ ಸುಮ್ನೆ ಕೂರಬೇಡಿ. ಗಂಟು, ಥೈರಾಯ್ಡಿನ ಬೇರೆ ಕಾಯಿಲೆಗಳಿಂದಲೂ ಕುತ್ತಿಗೆ ಊದುತ್ತದೆ. ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದರೆ ಸ್ಕ್ಯಾನ್ ಕೂಡ. ನುಂಗಲು ಕಷ್ಟ, ಉಸಿರಿಗೆ ತೊಂದರೆ, ಸ್ವರ ಒಡೆಯುವುದು, ಗಂಟು ಬೇಗ ಬೆಳೆಯುವುದು, ಇವಿದ್ದರೆ ಕಾಯಲೇಬೇಡಿ. ಅಯೋಡಿನ್ ಹನಿಗಳನ್ನು ನೀವಾಗಿಯೇ ತೆಗೆದುಕೊಳ್ಳುವುದೂ ಬೇಡ. ಹಳೆಯ ಗಂಟಿದ್ದವರಲ್ಲಿ ಅದು ಥೈರಾಯ್ಡನ್ನು ಕೆರಳಿಸಬಹುದು.

ದೊಡ್ಡಮ್ಮನ ಉಪ್ಪು ಈಗ ಭರಣಿಯಲ್ಲಿದೆ. ಉಪ್ಪಿನ ಸೊಳೆಗೆ, ಅಂದರೆ ಉಪ್ಪಿನಲ್ಲಿ ಹಾಕಿಡುವ ಹಲಸಿನ ಸೊಳೆಗೆ ಮಾತ್ರ ಕಲ್ಲುಪ್ಪೇ ಆಗಬೇಕಂತೆ. ಆಯಿತು ಎಂದು ಒಪ್ಪಿಕೊಂಡು ಬಂದೆ. ಮರಿಗೆಯಲ್ಲಿ ಹುಣಸೆಹಣ್ಣು ಕೂತಿದೆ.