ಗದರುವ ಕೆಲಸ ಅಪ್ಪನಿಗೇ ಬಿಟ್ಟೆ: ಗಂಡನ ಮಗಳ ಜೊತೆ ನನ್ನ ಅನುಭವ

ಮದುವೆಗೆ ಮುಂಚೆ ನಾವಿಬ್ಬರೂ ಕೂತು ಮೊದಲು ತೀರ್ಮಾನಿಸಿದ್ದು ಮನೆಯಲ್ಲಿ ಯಾರನ್ನು ಯಾರು ಗದರಬೇಕು ಅನ್ನುವುದನ್ನು. ದುಡ್ಡು, ಕೋಣೆ, ಸಾಮಾನು ಎಲ್ಲ ಆಮೇಲೆ ಬಂತು.

ಇಬ್ಬರಿಗೂ ಇದು ಎರಡನೇ ಮದುವೆ. ನನಗೆ ಆಗ 7 ವರ್ಷದ ಮಗ. ಅವನಪ್ಪ ತೀರಿಕೊಂಡಾಗ ಅವನಿನ್ನೂ ತೊದಲು ಮಾತಾಡುತ್ತಿದ್ದ. ನನ್ನ ಗಂಡನಿಗೆ 12 ತುಂಬಿದ ಮಗಳು. ಅವಳ ಅಮ್ಮ ಹತ್ತಿರದಲ್ಲೇ ಇದ್ದಾರೆ. ವಾರದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಅಂತ ಅವಳ ಓಡಾಟ. ಅಂದರೆ ನನ್ನ ಮಗನಿಗೆ ಒಬ್ಬ ಅಪ್ಪ ಬೇಕಿತ್ತು, ಇವರ ಮಗಳಿಗೆ ಇನ್ನೊಬ್ಬ ಅಮ್ಮ ಬೇಡವಾಗಿತ್ತು. ಈ ವ್ಯತ್ಯಾಸ ಮೊದಲೇ ಗೊತ್ತಿದ್ದರಿಂದ ನಮಗೆ ತುಂಬಾ ಅನುಕೂಲವಾಯಿತು.

ನಮ್ಮ ಒಪ್ಪಂದ ಇಷ್ಟೇ. ಅವರ ಮಗಳಿಗೆ ಅವರು ಹೇಳಬೇಕು, ನನ್ನ ಮಗನಿಗೆ ನಾನು. ಕಾಯಂ ಅಲ್ಲ, ಮೊದಲ ಕೆಲವು ವರ್ಷಕ್ಕೆ. "ಹಾಗಾದ್ರೆ ಅದು ಒಂದೇ ಸಂಸಾರ ಹೇಗಾಗುತ್ತೆ?" ಅಂತ ನೆಂಟರೊಬ್ಬರು ಕೇಳಿದರು. ಬೈದು ಬೈದು ಸಂಸಾರ ಒಂದಾಗಿದ್ದನ್ನು ನಾನಂತೂ ನೋಡಿಲ್ಲ.

ಪೆಟ್ರೀಷಿಯಾ ಪೇಪರ್‌ನೌ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ ಇದ್ದಾರೆ. ಇಂಥ ಕುಟುಂಬಗಳ ಜೊತೆಗೇ ದಶಕಗಳ ಕಾಲ ಕೆಲಸ ಮಾಡಿದವರು. ಅವರು ಹೇಳುವುದೂ ಇದನ್ನೇ. ಶಿಸ್ತು ಹೆತ್ತವರ ಕೈಯಲ್ಲಿರಲಿ, ಹೊಸಬರು ಮೊದಲು ಮಗುವಿನ ಪರಿಚಯ ಮಾಡಿಕೊಳ್ಳಲಿ. ಕುಟುಂಬ ಒಂದು ಹದಕ್ಕೆ ಬರಲು ಬೇಗ ಅಂದರೂ ಸುಮಾರು 4 ವರ್ಷ, ಕೆಲವರಿಗೆ 7 ವರ್ಷವೂ ಬೇಕಾಗುತ್ತದೆ ಅನ್ನುವುದು ಅವರ ಲೆಕ್ಕ. ಸಣ್ಣ ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ. ಹದಿಹರೆಯಕ್ಕೆ ಕಾಲಿಡುತ್ತಿರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಜಾಸ್ತಿ ಕಷ್ಟ. ನಮ್ಮ ಮನೆಯಲ್ಲಿ ಎರಡೂ ಥರದವರು ಇದ್ದರು. 4 ವರ್ಷ ಅನ್ನುವ ಅಂಕಿ ನೋಡಿ ನನಗೆ ಗಾಬರಿಯಾಗಲಿಲ್ಲ, ಒಂಥರಾ ನೆಮ್ಮದಿಯೇ ಆಯಿತು. ಮೊದಲ ವರ್ಷವೇ ಫಲಿತಾಂಶ ಬರಬೇಕಾದ ಪರೀಕ್ಷೆ ಇದಲ್ಲವಲ್ಲ.

ಅಪ್ಪ ಮನೆಯಲ್ಲಿ ಇಲ್ಲದಾಗ ಏನು ಮಾಡುವುದು? ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದೆವು. ನಿಯಮ ಅವರದು, ಅದನ್ನು ನೆನಪಿಸುವುದಷ್ಟೇ ನನ್ನ ಕೆಲಸ. ರಾತ್ರಿ ಒಂಬತ್ತೂವರೆಗೆ ಮಕ್ಕಳ ಫೋನು, ಟ್ಯಾಬು ಎಲ್ಲ ಹಾಲ್‌ನಲ್ಲಿ ಚಾರ್ಜಿಗೆ ಹೋಗಬೇಕು. ಇದನ್ನು ನಾನಿರುವಾಗಲೇ ಅವರು ಮಗಳಿಗೆ ಹೇಳಿದರು. "ನಾನಿಲ್ಲದಾಗ ಆಂಟಿ ನೆನಪಿಸ್ತಾರೆ. ಅದು ನಾನು ಹೇಳಿದ ಹಾಗೇನೇ" ಅಂತಲೂ ಸೇರಿಸಿದರು. ಈ ಕೊನೆಯ ಮಾತನ್ನು ಅವರ ಬಾಯಿಂದಲೇ ಹೇಳಿಸಿದ್ದು ಮುಖ್ಯ. ಇಲ್ಲದಿದ್ದರೆ ನಾನು ಸುಮ್ನೆ ಅಧಿಕಾರ ನಡೆಸಿದ ಹಾಗಾಗುತ್ತಿತ್ತು.

ಆದರೂ ಆ ಮಾತು ಬಂದೇ ಬಂತು. ಅವರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ರಾತ್ರಿ. ಒಂಬತ್ತೂವರೆ ದಾಟಿತ್ತು. ನಾನು ಬಾಗಿಲ ಹತ್ತಿರ ನಿಂತು ಟೈಮ್ ಆಯ್ತು ಅಂದೆ. ಅವಳು ಫೋನಿನಿಂದ ತಲೆ ಎತ್ತಲಿಲ್ಲ.

"ನೀವೇನು ನಮ್ಮಮ್ಮ ಅಲ್ಲ."

"ಅಲ್ಲ. ನಿಮ್ಮಮ್ಮ ಇದ್ದಾರೆ. ಫೋನ್ ಚಾರ್ಜಿಗೆ ಹಾಕು, ನಿಮ್ಮಪ್ಪ ಹೇಳಿರೋದು."

ಅಷ್ಟೇ. ಇಂಥ ಮಾತು ಬರುತ್ತದೆ ಅಂತ ಗೊತ್ತಿತ್ತು, ಉತ್ತರ ತಯಾರಿತ್ತು, ಧ್ವನಿ ಏರಿಸಬಾರದು ಅಂತಲೂ ತೀರ್ಮಾನಿಸಿದ್ದೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಹಾಗಾಗಿ ವಾದಕ್ಕೆ ಜಾಗವೂ ಇರಲಿಲ್ಲ. ಫೋನು ಬಂತು, ಸ್ವಲ್ಪ ಜೋರಾಗಿಯೇ ಟೇಬಲ್ ಮೇಲೆ ಕೂತಿತು. ಆ ಸದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನಗೆ ನಿಜವಾಗಿ ಕಷ್ಟವಾಗಿದ್ದು ಊಟದ ಹೊತ್ತು. ಅಪ್ಪ ಮಗಳು ಹನ್ನೆರಡು ವರ್ಷದಿಂದ ಜೊತೆಗಿದ್ದವರು. ಒಂದೇ ಪದ ಸಾಕು, ಇಬ್ಬರೂ ನಗುತ್ತಾರೆ. ನನಗೂ ನನ್ನ ಮಗನಿಗೂ ತಲೆಬುಡ ಗೊತ್ತಾಗುವುದಿಲ್ಲ. ಅತ್ತ ನಾನೂ ಮಗನೂ ನಮ್ಮದೇ ಧಾಟಿಯಲ್ಲಿ ಮಾತಾಡಿಕೊಂಡರೆ ಅವರಿಬ್ಬರು ಮುಖ ಮುಖ ನೋಡಿಕೊಳ್ಳುತ್ತಾರೆ. ಒಬ್ಬರು ಒಳಗಿನವರು, ಇನ್ನೊಬ್ಬರು ಹೊರಗಿನವರು ಅನ್ನುವ ಈ ಸ್ಥಿತಿ ಇಂಥ ಕುಟುಂಬದ ಮೂಲ ಸಮಸ್ಯೆ ಅಂತ ಪೇಪರ್‌ನೌ ಕೂಡ ಹೇಳುತ್ತಾರೆ. ಯಾರದೂ ತಪ್ಪಲ್ಲ. ಗಂಡ ಹೆಂಡತಿಯ ಪರಿಚಯಕ್ಕಿಂತ ಅಪ್ಪ ಮಗಳ ಪರಿಚಯ ಹಳೆಯದು, ಅಷ್ಟೇ.

ಇದಕ್ಕೆ ಎಲ್ಲರೂ ಕೊಡುವ ಸಲಹೆ, ನಾಲ್ವರೂ ಸೇರಿ ಎಲ್ಲಾದರೂ ಹೋಗಿ ಬನ್ನಿ ಅಂತ. ನಾವು ಹೋದೆವು, ಪರವಾಗಿಲ್ಲ ಅನ್ನುವ ಹಾಗಿತ್ತು. ನಾಲ್ವರೂ ಒಟ್ಟಿಗಿದ್ದಾಗಲೇ ಹೊರಗಿನವರು ಯಾರು ಅನ್ನುವುದು ಎದ್ದು ಕಾಣುತ್ತದೆ. ಅದಕ್ಕಿಂತ ಇಬ್ಬಿಬ್ಬರಾಗಿ ಕಳೆದ ಹೊತ್ತು ಜಾಸ್ತಿ ಉಪಯೋಗಕ್ಕೆ ಬಂತು. ವಾರಕ್ಕೊಂದು ಸಂಜೆ ಅಪ್ಪ ಮಗಳು ಇಬ್ಬರೇ ಹೊರಗೆ ಹೋಗುತ್ತಾರೆ. ನಾನು ಎಲ್ಲಿಗೆ ಅಂತಲೂ ಕೇಳುವುದಿಲ್ಲ. ಆ ಹೊತ್ತಿನಲ್ಲಿ ನಾನೂ ಮಗನೂ ಇಬ್ಬರೇ. ಮಕ್ಕಳು ಮಲಗಿದ ಮೇಲೆ ನಾವು ಗಂಡ ಹೆಂಡತಿ ಇಬ್ಬರೇ. ಹಾಗೆಯೇ ಅವಳು ಮತ್ತು ನಾನು ಇಬ್ಬರೇ ಇರುವ ಹೊತ್ತೂ ಬೇಕಿತ್ತು. ಅದನ್ನು ನಾನು ಏರ್ಪಾಟು ಮಾಡಲಿಲ್ಲ, ಅದಾಗಿಯೇ ಬಂತು.

ನಾನು ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುತ್ತೇನೆ. ಮನೆಯಲ್ಲೇ ಒಂದು ಟೇಬಲ್ ಇದೆ. ಒಂದು ದಿನ ಆ ಟೇಬಲ್ ಮೇಲೆ ಅವಳ ಹೆಡ್‌ಫೋನ್ ಬಿದ್ದಿತ್ತು, ಪಿನ್ ಹತ್ತಿರ ವೈರ್ ಕಿತ್ತು ಹೋಗಿತ್ತು. ಮಾತಿಲ್ಲ, ಚೀಟಿಯಿಲ್ಲ. ನಾನು ರಿಪೇರಿ ಮಾಡಿ ಕೊಟ್ಟುಬಿಡಬಹುದಿತ್ತು. ಸಂಜೆ ಅವಳು ಬಂದಾಗ, "ಇದನ್ನ ಹಿಡ್ಕೊಳ್ಳೋಕೆ ಒಂದು ಕೈ ಬೇಕು" ಅಂದೆ. ಬಂದು ಪಕ್ಕದಲ್ಲಿ ನಿಂತಳು. ಈ ವೈರ್ ಒಳಗೆ ಕೂದಲಿನಂಥ ಎಳೆಗಳಿರುತ್ತವೆ, ಕೆಂಪು, ಹಸಿರು, ತಾಮ್ರದ ಬಣ್ಣ. ಅವಕ್ಕೆ ತೆಳುವಾಗಿ ಲೇಪ ಹಾಕಿರುತ್ತಾರೆ. ಆ ಲೇಪ ಸುಡದೆ ಸೋಲ್ಡರ್, ಅಂದರೆ ಬೆಸುಗೆ ಹಾಕಲು ಕರಗಿಸುವ ಲೋಹ, ಅಂಟುವುದೇ ಇಲ್ಲ. ಅವಳು ಚಿಮಟದಲ್ಲಿ ಎಳೆ ಹಿಡಿದಳು, ನಾನು ಕಾದ ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಒಂದು ಹನಿ ಸೋಲ್ಡರ್ ಇಟ್ಟುಕೊಂಡು ಎಳೆಯ ತುದಿಯನ್ನು ಅದರಲ್ಲಿ ಅದ್ದಿದೆ. ಸ್ವಲ್ಪ ಹೊಗೆ ಬಂತು, ಹಸಿರು ಹೋಗಿ ಬೆಳ್ಳಗೆ ಹೊಳೆಯಿತು. "ಮುಂದಿನದು ನಾನು ಮಾಡ್ಲಾ?" ಅಂದಳು. ಕನ್ನಡಕ ಕೊಟ್ಟೆ, ಕಿಟಕಿ ತೆಗೆದೆ, ಮಾಡು ಅಂದೆ. ಕೆಂಪು ಎಳೆ ಮೊದಲು ತುಂಡಾಯಿತು. ಮತ್ತೆ ಸುಲಿದು ಮತ್ತೆ ಮಾಡಿದಳು.

ಅವತ್ತು ನಾವು ಬೇರೇನೂ ಮಾತಾಡಲಿಲ್ಲ. ಎದುರು ಬದುರು ಕೂರಿಸಿ "ನಿನಗೆ ಹೇಗನ್ನಿಸುತ್ತಿದೆ" ಅಂತ ಕೇಳಿದರೆ ಈ ವಯಸ್ಸಿನ ಮಕ್ಕಳು ಗೋಡೆ ನೋಡುತ್ತಾರೆ. ಪಕ್ಕಪಕ್ಕದಲ್ಲಿ ನಿಂತು ಕೈಗೆ ಏನಾದರೂ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ, ಅಥವಾ ಬರದಿದ್ದರೂ ಯಾರಿಗೂ ಮುಜುಗರವಿಲ್ಲ. ಆಮೇಲೆ ಅವಳ ಸ್ನೇಹಿತೆಯರ ಹೆಡ್‌ಫೋನುಗಳೂ ಬರತೊಡಗಿದವು. ಫೀಸು ಅವಳೇ ಇಟ್ಟುಕೊಳ್ಳುತ್ತಾಳೆ. ಸೋಲ್ಡರ್ ಖರ್ಚು ಮಾತ್ರ ನನ್ನದು!

ಅಮ್ಮನ ಮನೆಯಿಂದ ಬಂದ ದಿನ ಅವಳು ಬಿಗಿಯಾಗಿರುತ್ತಾಳೆ. ಯಾರ ಮೇಲೂ ಸಿಟ್ಟಿಲ್ಲ. ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಬಂದು ಹೊಂದಿಕೊಳ್ಳಬೇಕಲ್ಲ, ಅದೇ ಸುಸ್ತು. ನನ್ನನ್ನು ಇಷ್ಟಪಟ್ಟರೆ ಅಮ್ಮನಿಗೆ ಮೋಸ ಮಾಡಿದ ಹಾಗಾಗುತ್ತದೇನೋ ಅನ್ನುವ ಅಳುಕೂ ಇಂಥ ಮಕ್ಕಳಿಗೆ ಇರುತ್ತದೆ. ಆದ್ದರಿಂದ ಬಂದ ಕೂಡಲೇ ಪ್ರಶ್ನೆ ಕೇಳುವುದಿಲ್ಲ. ಅಲ್ಲಿ ಏನು ಮಾಡಿದೆ, ಯಾರು ಬಂದಿದ್ದರು, ಯಾವುದೂ ಇಲ್ಲ. ಬ್ಯಾಗ್ ಇಟ್ಟು ಕೋಣೆಗೆ ಹೋಗುತ್ತಾಳೆ, ಅವಳಿಗೆ ಬೇಕಾದಾಗ ಹೊರಗೆ ಬರುತ್ತಾಳೆ. ಬ್ಯಾಗನ್ನೂ ಹಗುರ ಮಾಡಿದೆವು. ಚಾರ್ಜರ್, ಬ್ರಷ್ಷು, ಒಳ ಉಡುಪು, ಜಾಮಿಟ್ರಿ ಬಾಕ್ಸ್ ಎರಡೂ ಕಡೆ ಒಂದೊಂದು ಸೆಟ್. ಮರೆತು ಬಂದ ಚಾರ್ಜರ್‌ಗಾಗಿ ಆಗುವ ಜಗಳ ನಿಂತಿದ್ದೇ ದೊಡ್ಡ ಲಾಭ.

ಅವಳ ಅಮ್ಮನ ಫೋಟೋ ಅವಳ ಕೋಣೆಯಲ್ಲಿದೆ. ಮೊಳೆ ಹೊಡೆದದ್ದು ನಾನೇ. ಅವರ ಬಗ್ಗೆ ಮಾತು ಬಂದಾಗ ನಾನು "ನಿಮ್ಮಮ್ಮ" ಅಂತ ಬಹುವಚನದಲ್ಲೇ ಮಾತಾಡುತ್ತೇನೆ. ಆದರೆ ಅವರ ಜೊತೆಗಿನ ವ್ಯವಹಾರ ನನ್ನದಲ್ಲ. ಯಾವ ದಿನ ಎಲ್ಲಿ, ರಜೆಯಲ್ಲಿ ಹೇಗೆ, ಇವನ್ನೆಲ್ಲ ನನ್ನ ಗಂಡ ಮಾತಾಡಿ ಫೋನಿನ ಕ್ಯಾಲೆಂಡರ್‌ನಲ್ಲಿ ಹಾಕುತ್ತಾರೆ, ನಾನು ನೋಡಿಕೊಳ್ಳುತ್ತೇನೆ. ಮಗುವಿನ ಕೈಯಲ್ಲಿ ಸಂದೇಶ ಕಳಿಸುವುದನ್ನು ಎರಡೂ ಮನೆಯವರು ಬಿಟ್ಟಿದ್ದೇವೆ.

ನನ್ನ ಮಗನದು ಇನ್ನೊಂದು ಕಥೆ. ಅವನು ಬಹಳ ಬೇಗ ನನ್ನ ಗಂಡನನ್ನು ಅಪ್ಪ ಅಂತ ಕರೆಯತೊಡಗಿದ. ಯಾರೂ ಹೇಳಿಕೊಟ್ಟಿರಲಿಲ್ಲ. ನಮಗೆ ಸಂತೋಷವೇ, ಆದರೆ ಆ ಹುಡುಗಿಯ ಮುಖ ನೋಡಬೇಕಿತ್ತು. ಅವಳಪ್ಪನನ್ನು ಯಾರೋ ಪಾಲು ಕೇಳಿದ ಹಾಗೆ ಆಗಿತ್ತು. ಅವತ್ತೇ ನನ್ನ ಗಂಡ ಅವಳನ್ನು ಕರೆದುಕೊಂಡು ವಾಕಿಂಗ್ ಹೋದರು. ಏನು ಹೇಳಿದರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಅವಳು ನನ್ನನ್ನು ಇವತ್ತಿಗೂ ಆಂಟಿ ಅಂತಲೇ ಕರೆಯುವುದು. ಒಬ್ಬರು ಅಪ್ಪ, ಒಬ್ಬರು ಆಂಟಿ, ಸರಿಸಮ ಇಲ್ಲ ಅಂತ ನೋಡಿದವರಿಗೆ ಅನ್ನಿಸಬಹುದು. ನಮಗೆ ಏನೂ ತೊಂದರೆಯಾಗಿಲ್ಲ.

ಗಂಡ ಹೆಂಡತಿಯ ನಡುವೆ ಜಾಸ್ತಿ ಬಿಸಿಯಾಗುವುದು ಮಕ್ಕಳ ದೂರಿನಿಂದಲೇ. ತನ್ನ ಮಗುವಿನ ಬಗ್ಗೆ ಬೇರೆಯವರು ಒಂದು ಮಾತು ಆಡಿದರೂ ಹೆತ್ತವರಿಗೆ ಅದು ತಮಗೇ ಹೇಳಿದ ಹಾಗೆ ಕೇಳುತ್ತದೆ. ಅದಕ್ಕೆ ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ. "ಒದ್ದೆ ಟವೆಲ್ ಹಾಸಿಗೆ ಮೇಲಿತ್ತು" ಅನ್ನಬಹುದು. "ನಿಮ್ಮ ಮಗಳಿಗೆ ಶಿಸ್ತೇ ಇಲ್ಲ" ಅನ್ನುವಂತಿಲ್ಲ. ಅವರಿಗೂ ನನ್ನ ಮಗನ ವಿಷಯದಲ್ಲಿ ಇದೇ ನಿಯಮ. ಎಮಿಲಿ ಮತ್ತು ಜಾನ್ ವಿಷರ್ ಅನ್ನುವ ದಂಪತಿ 1979ರಲ್ಲಿ ಅಮೆರಿಕದಲ್ಲಿ ಇಂಥ ಕುಟುಂಬಗಳಿಗಾಗಿಯೇ ಒಂದು ಸಂಘ ಕಟ್ಟಿದರು. ಇಬ್ಬರಿಗೂ ಹಿಂದಿನ ಮದುವೆಯಿಂದ ನಾಲ್ಕು ನಾಲ್ಕು ಮಕ್ಕಳು. ಎಂಟು ಒದ್ದೆ ಟವೆಲ್ ನೆನೆಸಿಕೊಂಡರೆ ನಮ್ಮದೇನು ಮಹಾ!

ಕಾಗದ ಪತ್ರದ ವಿಷಯ ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ಮದುವೆಯಾದ ಮಾತ್ರಕ್ಕೆ ಗಂಡನ ಅಥವಾ ಹೆಂಡತಿಯ ಮಗುವಿಗೆ ನಾವು ಕಾನೂನಿನ ಪ್ರಕಾರ ಪೋಷಕರಾಗುವುದಿಲ್ಲ. ಹೆಚ್ಚಿನ ದೇಶಗಳಲ್ಲಿ ಹೀಗೇ. ಶಾಲೆಯಿಂದ ಕರೆದುಕೊಂಡು ಬರುವವರ ಪಟ್ಟಿಯಲ್ಲಿ ಹೆಸರು ಬೇಕು. ತುರ್ತಿಗೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಹೆತ್ತವರ ಒಪ್ಪಿಗೆ ಪತ್ರ, ಮಗುವಿನ ಅಲರ್ಜಿ ಮತ್ತು ಔಷಧಿಗಳ ವಿವರ ಕೈಯಲ್ಲಿರಬೇಕು. ಅವಳ ಅಪ್ಪ, ಅಮ್ಮ ಇಬ್ಬರೂ ಸಹಿ ಹಾಕಿದ ಪತ್ರ ನನ್ನ ಪರ್ಸ್‌ನಲ್ಲಿದೆ. ನಿಮ್ಮ ಕಡೆ ಯಾವ ಥರದ ಪತ್ರ ನಡೆಯುತ್ತದೆ ಅಂತ ಒಬ್ಬ ವಕೀಲರನ್ನು ಕೇಳಿ ಇಟ್ಟುಕೊಳ್ಳಿ. ದುಡ್ಡಿನದು ನಮ್ಮಲ್ಲಿ ಸುಲಭವಾಗಿ ಮುಗಿಯಿತು: ಮನೆ ಖರ್ಚು ಜಂಟಿ ಖಾತೆಯಿಂದ, ಮಕ್ಕಳ ಓದಿನ ಉಳಿತಾಯ ಅವರವರ ಹೆಸರಲ್ಲಿ ಬೇರೆ ಬೇರೆ.

ಈಗ ಅವಳಿಗೆ ದೊಡ್ಡ ಪರೀಕ್ಷೆಯ ವರ್ಷ. ಶಾಲೆ ಹತ್ತಿರ ಅಂತ ಅಮ್ಮನ ಮನೆಯಲ್ಲೇ ಜಾಸ್ತಿ ದಿನ ಇರುತ್ತೇನೆ ಅಂದಿದ್ದಾಳೆ. ಅವಳಪ್ಪನಿಗೆ ಬೇಜಾರಾಗಿದೆ. ನಾನು ಅದರಲ್ಲಿ ಬಾಯಿ ಹಾಕಿಲ್ಲ, ತೀರ್ಮಾನ ಅವರು ಮೂವರದು. ಅವಳ ಕೋಣೆಯ ವಿಷಯದಲ್ಲಿ ಮಾತ್ರ ನಾನು ಒಂದು ಮಾತು ಹೇಳಿದೆ. ಕೋಣೆ ಖಾಲಿಯಿದೆ ಅಂತ ಯಾರೂ ಅದನ್ನು ತಮ್ಮದು ಮಾಡಿಕೊಳ್ಳುವಂತಿಲ್ಲ. ಅವಳೇ ಯೋಚಿಸಿ, ತಮ್ಮ ಅಲ್ಲಿ ಕೂತು ಓದಲಿ, ಆದರೆ ಮೇಲಿನ ಡ್ರಾಯರ್ ಮುಟ್ಟಬಾರದು ಅಂದಳು. ಇವನು ಮೊದಲ ವಾರವೇ ಡ್ರಾಯರ್ ತೆಗೆದು ಅವಳ ಚಿಮಟ ಎತ್ತಿಕೊಂಡಿದ್ದ. ಸಿಕ್ಕಿಬಿದ್ದ. ಈಗ ಬೀಗ ತರಿಸಬೇಕೋ ಬೇಡವೋ ಅನ್ನುವ ಚರ್ಚೆ ನಡೆಯುತ್ತಿದೆ.